ತುಳಿದರೆ ನಿಲ್ಲುವ ಸ್ವರ

ಪ್ರಶ್ನೆ: ಸಸ್ಟೇನ್ ಪೆಡಲ್ ತುಳಿದರೆ ಸ್ವರ ಕಡಿಯುತ್ತದೆ, ಬಿಟ್ಟರೆ ಮೊಳಗುತ್ತಲೇ ಇರುತ್ತದೆ. ಕೀಬೋರ್ಡ್ ಕೆಟ್ಟಿದೆಯೇ? (ಓದುಗರು, ಅರೆಕೆರೆ)

ಉತ್ತರ: ಕೆಟ್ಟಿರುವ ಸಾಧ್ಯತೆ ತೀರ ಕಡಿಮೆ. ಇಂಥ ಪೆಡಲ್ ಒಳಗೆ ಇರುವುದು ಬರೀ ಒಂದು ಸ್ವಿಚ್. ಯಮಹಾದ ಎಫ್‌ಸಿ5 ತುಳಿದಾಗ ಸರ್ಕ್ಯೂಟ್ ಕಡಿಯುತ್ತದೆ. ಕ್ಯಾಸಿಯೊದ ಪೆಡಲ್ ಕೂಡಿಸುತ್ತದೆ. ಬಹಳಷ್ಟು ಕೀಬೋರ್ಡ್‌ಗಳು ಆನ್ ಆಗುವ ಕ್ಷಣದಲ್ಲಿ ಪೆಡಲ್ ಹೇಗಿದೆಯೋ ಅದನ್ನೇ ‘ಬಿಟ್ಟ ಸ್ಥಿತಿ’ ಎಂದು ನಂಬುತ್ತವೆ. ಆಗ ಕಾಲು ಪೆಡಲ್ ಮೇಲಿದ್ದರೆ ಲೆಕ್ಕವೇ ತಲೆಕೆಳಗು. ಬೇರೆ ಕೀಬೋರ್ಡಿನಲ್ಲಿ ಅದೇ ಪೆಡಲ್ ಸರಿಯಿದೆಯಲ್ಲ ಎನ್ನಬಹುದು. ಅದು ದೋಷಕ್ಕೆ ಸಾಕ್ಷಿಯಲ್ಲ, ಎರಡರ ವಾಡಿಕೆ ಬೇರೆ ಎಂಬುದಕ್ಕೆ ಸಾಕ್ಷಿ. ಕೆಟ್ಟ ಪೆಡಲ್ ಇಷ್ಟು ಶಿಸ್ತಾಗಿ ಉಲ್ಟಾ ನಡೆಯುವುದಿಲ್ಲ. ಒಮ್ಮೆ ಹಿಡಿದು ಒಮ್ಮೆ ಬಿಡುತ್ತದೆ. ಕೀಬೋರ್ಡ್ ಆಫ್ ಮಾಡಿ, 6.35 ಮಿ.ಮೀ. ಪಿನ್ ಪೂರ್ತಿ ಚುಚ್ಚಿ, ಪೆಡಲ್ ಮುಟ್ಟದೆ ಆನ್ ಮಾಡಿ. ಆಗಲೂ ಉಲ್ಟಾ ಇದ್ದರೆ ಪೆಡಲಿನ ತಳದಲ್ಲಿ ಪೊಲಾರಿಟಿ ಸ್ವಿಚ್ ಇದೆಯೇ ನೋಡಿ, ಇದ್ದರೆ ಆಚೆಗೆ ಸರಿಸಿ.