ಕೀಲಿ ಸರಿಯಾಗಿದ್ದರೂ ಕಾರು ಒಪ್ಪದಿದ್ದರೆ

ಸ್ಟಾರ್ಟರ್ ಗಿರ್ರನೆ ತಿರುಗುತ್ತದೆ. ಎಂಜಿನ್ ಹೊತ್ತಿಕೊಳ್ಳುತ್ತದೆ, ಎರಡು ಸೆಕೆಂಡು ಓಡುತ್ತದೆ, ಆಮೇಲೆ ತಣ್ಣಗಾಗುತ್ತದೆ. ಮತ್ತೆ ಕೀ ತಿರುಗಿಸಿದರೆ ಮತ್ತದೇ ಕಥೆ. ನಮ್ಮ ನೆರೆಮನೆಯವರ ಕಾರು ಹೀಗೆ ಹಠ ಹಿಡಿದದ್ದು ಅವರ ಮಗಳ ಪಿಯುಸಿ ಪರೀಕ್ಷೆಯ ದಿನ ಬೆಳಿಗ್ಗೆ. ಹುಡುಗಿ ಆಟೋ ಹಿಡಿದು ಹೋದಳು, ಕಾರು ಮಾತ್ರ ನಾಲ್ಕು ದಿನ ಗೇಟಿನ ಮುಂದೆಯೇ ನಿಂತಿತು. ಮೊದಲು ಬಂದ ಮೆಕ್ಯಾನಿಕ್ ಪೆಟ್ರೋಲ್ ಪಂಪು ಹೋಗಿದೆ ಎಂದ. ಎರಡನೆಯವನು ಎಂಜಿನ್ನಿನ ಕಂಪ್ಯೂಟರನ್ನೇ ಬದಲಾಯಿಸಬೇಕೆಂದು ಹತ್ತಾರು ಸಾವಿರ ರೂಪಾಯಿಯ ಲೆಕ್ಕ ಕೊಟ್ಟ.

ಇಬ್ಬರೂ ನೋಡದೇ ಬಿಟ್ಟದ್ದು ಡ್ಯಾಶ್‌ಬೋರ್ಡಿನ ಒಂದು ಪುಟ್ಟ ದೀಪವನ್ನು. ಕಾರಿನ ಚಿತ್ರದೊಳಗೆ ಕೀಲಿಕೈ ಇರುವ ಆ ದೀಪ ಬಿಡದೆ ಮಿನುಗುತ್ತಿತ್ತು. ಅದು ಇಮೊಬಿಲೈಸರಿನ ದೀಪ.

ಇಮೊಬಿಲೈಸರ್ ಎಂದರೆ ಕಾರಿನೊಳಗಿನ ಕಾವಲುಗಾರ. ಕೀಲಿಯ ಹಲ್ಲು ಬೀಗಕ್ಕೆ ಹೊಂದಿದರೆ ಸಾಲದು, ಅದರ ತಲೆಯಲ್ಲಿರುವ ಅಕ್ಕಿಕಾಳಿನಷ್ಟು ಚಿಪ್ಪೂ ತನ್ನ ಗುರುತು ಹೇಳಬೇಕು. ಇದರ ಅಜ್ಜನೆನ್ನಬಹುದಾದ ವ್ಯವಸ್ಥೆ 1986ರಲ್ಲಿ ಅಮೆರಿಕದ ಕಾರ್ವೆಟ್ ಕಾರಿನಲ್ಲಿ ಬಂದಿತು. ಆಗ ಕೀಲಿಯಲ್ಲಿ ಇದ್ದದ್ದು ಬರೀ ಒಂದು ಪ್ರತಿರೋಧಕ, ಅದಕ್ಕೆ 15 ಬೆಲೆಗಳು ಮಾತ್ರ. ಇಂದಿನ ಚಿಪ್ಪು ಹಾಗಲ್ಲ. ಕಾರು ಪ್ರತಿ ಸಲವೂ ಹೊಸದೊಂದು ಸಂಖ್ಯೆಯನ್ನು ಒಗೆಯುತ್ತದೆ, ಚಿಪ್ಪು ಗುಟ್ಟಿನ ಸೂತ್ರದಿಂದ ಅದಕ್ಕೆ ಉತ್ತರ ಕಟ್ಟಿ ಕಳಿಸಬೇಕು. ಉತ್ತರ ತಪ್ಪಿದರೆ ಇಂಧನ ಬಂದ್. ಐರೋಪ್ಯ ಒಕ್ಕೂಟದಲ್ಲಿ ಹೊಸ ಕಾರುಗಳಿಗೆ ಇದು 1998ರ ಅಕ್ಟೋಬರಿನಿಂದ ಕಡ್ಡಾಯವಾಯಿತು. ಅಮೆರಿಕದಲ್ಲಿ ಅಂಥ ಕಾನೂನು ಇರಲಿಲ್ಲ. 2021ರ ನಂತರ ಅಲ್ಲಿ ಇಮೊಬಿಲೈಸರ್ ಇಲ್ಲದ ಕಿಯಾ, ಹ್ಯುಂಡೈ ಮಾದರಿಗಳನ್ನು ಎಳೆಯ ಹುಡುಗರೂ ಕದ್ದೊಯ್ದ ಸುದ್ದಿ ಜಗತ್ತಿಗೇ ಗೊತ್ತಾಯಿತು.

ವಿದ್ಯಾರ್ಥಿಗಳು ಗಮನಿಸಬೇಕಾದ ಸ್ವಾರಸ್ಯವೊಂದಿದೆ. ಈ ಚಿಪ್ಪಿಗೆ ಬ್ಯಾಟರಿಯೇ ಇಲ್ಲ! ಬೀಗದ ಸುತ್ತ ಬಳೆಯಂಥ ತಂತಿಯ ಸುರುಳಿಯೊಂದು ಇರುತ್ತದೆ. ಕೀ ತಿರುಗಿಸಿದಾಗ ಅದರಲ್ಲಿ ಸೆಕೆಂಡಿಗೆ ಸುಮಾರು 1,25,000 ಆವರ್ತನೆಗಳ ಪರ್ಯಾಯ ವಿದ್ಯುತ್ ಹರಿಯುತ್ತದೆ. ಚಿಪ್ಪಿಗಂಟಿದ ಇನ್ನೊಂದು ಪುಟ್ಟ ಸುರುಳಿಯಲ್ಲಿ ಇದರಿಂದ ವಿದ್ಯುತ್ ಹುಟ್ಟುತ್ತದೆ. 1831ರಲ್ಲಿ ಫ್ಯಾರಡೆ ಕಂಡುಕೊಂಡ, ನೀವು ಪಿಯುಸಿಯಲ್ಲಿ ಓದುವ ವಿದ್ಯುತ್ಕಾಂತೀಯ ಪ್ರೇರಣೆಯೇ ಇದು. ಕೀಲಿಯೊಳಗಿನ ಗುಂಡು ಬ್ಯಾಟರಿ ಇರುವುದು ದೂರದಿಂದ ಬಾಗಿಲು ತೆರೆಯಲಿಕ್ಕೆ. ಆ ಬ್ಯಾಟರಿ ಸತ್ತರೂ ಎಂಜಿನ್ ಹೊರಡಬೇಕು. ಗುಂಡಿ ಒತ್ತಿ ಸ್ಟಾರ್ಟ್ ಮಾಡುವ ಹಲವು ಕಾರುಗಳಲ್ಲಿ ಬ್ಯಾಟರಿ ಮುಗಿದ ಕೀಲಿಯನ್ನು ಆ ಗುಂಡಿಗೇ ತಾಗಿಸಿ ಹಿಡಿದರೆ ಕೆಲಸ ನಡೆಯುವುದೂ ಇದರಿಂದಲೇ.

ಐದನೆಯ ದಿನ ಬಂದವರು ವಯಸ್ಸಾದ ಆಟೋ ಎಲೆಕ್ಟ್ರಿಷಿಯನ್. ಬಾನೆಟ್ ತೆರೆಯಲೇ ಇಲ್ಲ. ಮಿನುಗುವ ದೀಪ ನೋಡಿದರು, "ಸ್ವಾಮೀ, ಕೀ ಗೊಂಚಲು ಕೊಡಿ" ಎಂದರು. ಅದರಲ್ಲಿ ಎರಡು ಕಾರಿನ ಕೀಲಿಗಳಿದ್ದವು. ಊರಿಗೆ ಹೋದ ತಮ್ಮ ಹಿಂದಿನ ರಾತ್ರಿ ಬಿಟ್ಟುಹೋದ ತನ್ನ ಕಾರಿನ ಕೀಯನ್ನು ನೆರೆಮನೆಯವರು ಅದೇ ಬಳೆಗೆ ಸಿಕ್ಕಿಸಿಕೊಂಡಿದ್ದರು. ಕಾರು ಪ್ರಶ್ನೆ ಕೇಳಿದಾಗ ಎರಡು ಚಿಪ್ಪುಗಳೂ ಬಾಯಿ ಬಿಡುತ್ತಿದ್ದವು. ಇಬ್ಬರು ಹುಡುಗರು ಒಟ್ಟಿಗೆ ಉತ್ತರ ಕೂಗಿದರೆ ಮೇಷ್ಟರಿಗೆ ಏನು ತಾನೇ ಕೇಳೀತು? ತಮ್ಮನ ಕೀ ಬಿಚ್ಚಿಟ್ಟದ್ದೇ ತಡ, ಎಂಜಿನ್ ಹೊರಟಿತು.

ಎಲ್ಲ ದೋಷಗಳೂ ಇಷ್ಟು ಸುಲಭವಲ್ಲ, ನಿಜ. ಆದರೆ ಹುಡುಕುವ ಕ್ರಮ ಇದೇ: ಖರ್ಚಿಲ್ಲದ ಪರೀಕ್ಷೆ ಮೊದಲು. ಕೀ ಹಾಕಿದಾಗ ದೀಪ ಕೆಲವು ಸೆಕೆಂಡು ಹೊತ್ತಿ ಆರಿದರೆ ಸಾಮಾನ್ಯವಾಗಿ ಇಮೊಬಿಲೈಸರ್ ಒಪ್ಪಿದೆ ಎಂದರ್ಥ, ದೋಷವನ್ನು ಬೇರೆಡೆ ಹುಡುಕಬೇಕು. ಮಿನುಗುತ್ತಿದ್ದರೆ ಎರಡನೆಯ ಕೀಲಿ ತನ್ನಿ. ಅದರಲ್ಲಿ ಕಾರು ಹೊರಟರೆ ಮೊದಲ ಕೀಲಿಯ ಚಿಪ್ಪು ಕೆಟ್ಟಿದೆ ಅಥವಾ ಬಿದ್ದುಹೋಗಿದೆ. ಕೀಲಿಯ ಹೊರಕವಚ ಒಡೆದಾಗ ರಸ್ತೆಬದಿಯಲ್ಲಿ ಹೊಸ ಕವಚ ಹಾಕಿಸಿ, ಚಿಪ್ಪನ್ನು ಹಳೆಯದರಲ್ಲೇ ಬಿಟ್ಟು ಬರುವವರಿದ್ದಾರೆ. ಎರಡರಲ್ಲೂ ಹೊರಡದಿದ್ದರೆ ಫ್ಯೂಸ್ ಮತ್ತು ಬ್ಯಾಟರಿ ನೋಡಿ. ನಿಂತ ಕಾರಿನಲ್ಲಿ 12.6 ವೋಲ್ಟ್ ತೋರುವ ಬ್ಯಾಟರಿಯೂ ಸ್ಟಾರ್ಟರಿನ ಭಾರಕ್ಕೆ 9.6ಕ್ಕಿಂತ ಕೆಳಗೆ ಕುಸಿದರೆ, ಕಾವಲುಗಾರನಿಗೆ ನಡುವೆಯೇ ಮಂಪರು ಬಂದಂತಾಗುತ್ತದೆ.

ಇಷ್ಟಾದ ಮೇಲೆ ಸ್ಕ್ಯಾನರ್. ಸ್ಟಿಯರಿಂಗಿನ ಕೆಳಗಿನ ಸಾಕೆಟ್ಟಿಗೆ ಅದನ್ನು ಜೋಡಿಸಿದರೆ ಸಂಕೇತ ಸಿಗುತ್ತದೆ. ಪಿ0513 ಎಂದರೆ ಕೀಲಿ ತಪ್ಪು. ಪಿ0633 ಎಂದರೆ ಆ ಕೀಲಿಯನ್ನು ಎಂಜಿನ್ನಿನ ಕಂಪ್ಯೂಟರಿಗೆ ಪರಿಚಯಿಸಿಲ್ಲ. ಯು0167 ಬಂದರೆ ಕೀಲಿಯ ಮೇಲೆ ಅನುಮಾನ ಬೇಡ. ಇಮೊಬಿಲೈಸರಿನ ಜೊತೆ ಮಾತೇ ಕಡಿದಿದೆ, ವೈರು ಅಥವಾ ಕನೆಕ್ಟರ್ ನೋಡಬೇಕು. ಬೀಗದ ಸುತ್ತಲಿನ ಸುರುಳಿಯ ತಂತಿ ತುಂಡಾಗಿದೆಯೇ ಎಂಬುದನ್ನು ಹಲವು ಕಾರುಗಳಲ್ಲಿ ಮಲ್ಟಿಮೀಟರೇ ಹೇಳುತ್ತದೆ. ಆದರೆ ಹುಡುಗರೇ, ಸ್ಟಿಯರಿಂಗಿನ ಬುಡ ಬಿಚ್ಚಲು ಹೋಗಬೇಡಿ, ಅಲ್ಲಿ ಏರ್‌ಬ್ಯಾಗಿನ ತಂತಿಗಳಿರುತ್ತವೆ.

ಕಂಪ್ಯೂಟರ್ ಬದಲಿಸುವ ಮಾತು ಕೊನೆಯದು. ಹಳೆಯ ಕಾರಿನಿಂದ ಕಿತ್ತು ತಂದ ಕಂಪ್ಯೂಟರಿಗೆ ನಿಮ್ಮ ಕೀಲಿಯ ಗುರುತೇ ಇರುವುದಿಲ್ಲ. ಹೊಂದಿಸದೆ ಕೂರಿಸಿದರೆ ಇದ್ದ ಒಂದು ದೋಷ ಎರಡಾಗುತ್ತದೆ. "ಇಮೊಬಿಲೈಸರನ್ನೇ ಕಿತ್ತುಹಾಕಿ ಕೊಡುತ್ತೇನೆ" ಎನ್ನುವವರೂ ಸಿಗುತ್ತಾರೆ. ಕಳ್ಳನಿಗೆ ಅದಕ್ಕಿಂತ ದೊಡ್ಡ ಉಪಕಾರ ಇನ್ನೊಂದಿಲ್ಲ.

ಇನ್ನು ಆ ಎರಡನೆಯ ಕೀಲಿ. ಕಾರು ಕೊಂಡ ದಿನ ಬೀರುವಿಗೆ ಸೇರಿದ್ದು ಆಮೇಲೆ ಹೊರಬಂದೇ ಇಲ್ಲವಲ್ಲವೆ? ಒಮ್ಮೆ ಹಾಕಿ ತಿರುಗಿಸಿ ನೋಡಿ. ಒಂದು ಕೀಲಿ ಕೈಯಲ್ಲಿದ್ದಾಗ ಇನ್ನೊಂದನ್ನು ಮಾಡಿಸುವುದಕ್ಕೂ, ಇದ್ದದ್ದೆಲ್ಲ ಕಳೆದ ಮೇಲೆ ಮಾಡಿಸುವುದಕ್ಕೂ ಬಿಲ್ಲಿನಲ್ಲಿ ಬಹಳ ಅಂತರವಿದೆ.