ಕ್ಯಾನ್ಸರ್ ಶಸ್ತ್ರಚಿಕಿತ್ಸೆಯ ನಂತರ ಕಾಲಿನ ಕಡೆಗೂ ಗಮನವಿರಲಿ

'ಗೆಡ್ಡೆ ತೆಗೆದದ್ದಾಯಿತು, ಹೊಲಿಗೆ ಬಿಚ್ಚಿದ್ದಾಯಿತು, ಇನ್ನು ಮಲಗಿ ಸುಧಾರಿಸಿಕೊಳ್ಳುವುದಷ್ಟೇ ಬಾಕಿ.' ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಂಥ ಕಡೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಕಟ್ಟಾಯದ ಸುತ್ತಿನ ಹಳ್ಳಿಗಳಿಗೆ ಮರಳುವವರ ಮನೆಗಳಲ್ಲಿ ಹೀಗೆನ್ನುವುದು ಸಹಜ. ಆದರೆ ಜಠರ, ಕರುಳು, ಗರ್ಭಕೋಶ, ಅಂಡಾಶಯಗಳ ಕ್ಯಾನ್ಸರಿಗೆ ಶಸ್ತ್ರಚಿಕಿತ್ಸೆಯಾದವರಿಗೆ ಆಮೇಲಿನ ಕೆಲವು ವಾರ ಇನ್ನೊಂದು ಅಪಾಯ ಕಾದಿರುತ್ತದೆ. ಕಾಲಿನ ಆಳದಲ್ಲಿರುವ ಅಭಿಧಮನಿಗಳಲ್ಲಿ, ಅಂದರೆ ರಕ್ತವನ್ನು ಹೃದಯಕ್ಕೆ ಮರಳಿ ಒಯ್ಯುವ ನಾಳಗಳಲ್ಲಿ, ರಕ್ತ ಹೆಪ್ಪುಗಟ್ಟಬಹುದು. ಆ ಹೆಪ್ಪು ಕಳಚಿ ಶ್ವಾಸಕೋಶ ಸೇರಿದರೆ ಪ್ರಾಣಕ್ಕೇ ಸಂಚಕಾರ.

ಹರಿಯುವ ನೀರು ತಿಳಿಯಾಗಿರುತ್ತದೆ, ನಿಂತ ನೀರು ಪಾಚಿಗಟ್ಟುತ್ತದೆ. ಹೇಮಾವತಿ ನಾಲೆಯ ಬದಿಯಲ್ಲಿ ಬೇಸಾಯ ಮಾಡುವವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಕಾಲಿನ ರಕ್ತ ಮೇಲೇರುವುದು ಮುಖ್ಯವಾಗಿ ಮೀನಖಂಡದ ಸ್ನಾಯುಗಳು ಹಿಂಡುವುದರಿಂದ. ಮಲಗಿಬಿಟ್ಟರೆ ಆ ಹಿಂಡುವಿಕೆ ನಿಲ್ಲುತ್ತದೆ. ಅದರ ಜೊತೆಗೆ ಕ್ಯಾನ್ಸರ್ ರೋಗವೇ ರಕ್ತವನ್ನು ಬೇಗ ಹೆಪ್ಪುಗಟ್ಟುವಂತೆ ಮಾಡುತ್ತದೆ. ಈ ನಂಟನ್ನು 1865ರಲ್ಲಿ ವಿವರಿಸಿದವರು ಪ್ಯಾರಿಸ್ಸಿನ ವೈದ್ಯ ಆರ್ಮಾಂ ಟ್ರೂಸೋ. ಎರಡೇ ವರ್ಷದಲ್ಲಿ ಅವರೇ ಕ್ಯಾನ್ಸರಿನಿಂದ ತೀರಿಕೊಂಡರು. ಅದರ ಮುನ್ಸೂಚನೆಯಾಗಿ ಅವರಿಗೆ ಮೊದಲು ಕಂಡದ್ದೂ ರಕ್ತದ ಹೆಪ್ಪೇ!

ಮಲಗಿರುವವರ ಸ್ನಾಯುಗಳನ್ನು ವಿದ್ಯುತ್ತಿನಿಂದ ಮಿಡಿಸಬಹುದೇ? ಚೀನಾದ ವೈದ್ಯರು ಇದನ್ನು ಆಕ್ಯುಪಂಕ್ಚರ್ ಬಿಂದುಗಳ ಮೇಲೆ ಪ್ರಯೋಗಿಸಿ ನೋಡಿದ್ದಾರೆ. ಸೂಜಿ ಬೇಕಿಲ್ಲ. ಚರ್ಮಕ್ಕೆ ಅಂಟುವ ಪುಟ್ಟ ಪಟ್ಟಿಗಳ ಮೂಲಕ ಸೌಮ್ಯವಾದ ವಿದ್ಯುತ್ತನ್ನು ಹಾಯಿಸುತ್ತಾರೆ. ಅವರು 'ಝುಸಾನ್ಲಿ' ಎನ್ನುವ ಬಿಂದು ಮಂಡಿಚಿಪ್ಪಿನಿಂದ ನಾಲ್ಕು ಬೆರಳು ಕೆಳಗೆ, ಮೂಳೆಯ ಹೊರಬದಿಗೆ ಒಂದು ಬೆರಳಿನಷ್ಟು ಸರಿದು ಇದೆ. 'ಸಾನ್‌ಯಿನ್‌ಜಿಯಾವೊ' ಎಂಬುದು ಪಾದದ ಒಳಗಿಣ್ಣಿನಿಂದ ನಾಲ್ಕು ಬೆರಳು ಮೇಲಿದೆ. ಅಲ್ಲಿ ಪ್ರಾಣಶಕ್ತಿ ಹರಿಯುತ್ತದೆಂದು ನೀವು ನಂಬಲೇಬೇಕೆಂದಿಲ್ಲ. ನರಗಳಂತೂ ಹಾದುಹೋಗುತ್ತವೆ, ಅವು ಕೆರಳಿದರೆ ಸ್ನಾಯು ಮಿಡಿಯುತ್ತದೆ, ರಕ್ತ ಚಲಿಸುತ್ತದೆ. ಮಂಡಿಯ ಹೊರಬದಿಯ ನರವನ್ನು ಹೀಗೆ ಮಿಡಿಸುವ ಒಂದು ಉಪಕರಣಕ್ಕೆ ಬ್ರಿಟನ್ನಿನ 'ನೈಸ್' ಸಂಸ್ಥೆ 2014ರಲ್ಲಿ ಒಪ್ಪಿಗೆ ಕೊಟ್ಟಿತು. ಆದರೆ ಬೇರೆ ವಿಧಾನಗಳನ್ನು ಬಳಸಲಾಗದ ರೋಗಿಗಳಿಗೆ ಎಂಬ ಷರತ್ತಿನ ಮೇಲೆ.

ಆ ಷರತ್ತನ್ನು ಮರೆಯಬಾರದು. ಯಂತ್ರವಿದೆಯೆಂದು ವೈದ್ಯರು ಬರೆದುಕೊಟ್ಟ ಇಂಜೆಕ್ಷನ್ ಬಿಡುವುದು ದೊಡ್ಡ ತಪ್ಪು. ಹೆಪ್ಪು ತಡೆಯುವ ಹೆಪಾರಿನ್ ಜಾತಿಯ ಈ ಮದ್ದನ್ನು ಹೊಟ್ಟೆಯ ಚರ್ಮದಡಿ ಚುಚ್ಚುತ್ತಾರೆ. ಹೊಟ್ಟೆ ಮತ್ತು ಕಿಬ್ಬೊಟ್ಟೆಯ ಕ್ಯಾನ್ಸರ್ ಶಸ್ತ್ರಚಿಕಿತ್ಸೆಯಾದವರ ಮೇಲೆ ನಡೆದು 2002ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಸುಮಾರು ಒಂದು ವಾರ ಮಾತ್ರ ಇದನ್ನು ಪಡೆದವರಲ್ಲಿ ಶೇಕಡ 12ರಷ್ಟು ಮಂದಿಗೆ ಹೆಪ್ಪು ಕಂಡುಬಂತು. ನಾಲ್ಕು ವಾರ ಪಡೆದವರಲ್ಲಿ ಶೇಕಡ 4.8 ಮಾತ್ರ. ಊರಿಗೆ ಬಂದ ಮೇಲೂ ಚುಚ್ಚಿಸಿಕೊಳ್ಳಬೇಕೇ, ಎಷ್ಟು ದಿನ ಎಂದು ಬಿಡುಗಡೆಯ ದಿನವೇ ಕೇಳಿ ಬರೆಸಿಕೊಳ್ಳಿ. ಹತ್ತಿರದ ಆರೋಗ್ಯ ಕೇಂದ್ರದ ದಾದಿಯರ ನೆರವು ಪಡೆಯಿರಿ. ರಕ್ತಸ್ರಾವದ ಭಯವಿರುವವರಿಗೆ ಮದ್ದು ಹೊಂದದಿರಬಹುದು. ಯಂತ್ರದ ಮಾತು ಬರುವುದು ಅಂಥವರಿಗೇ, ಅದೂ ತಜ್ಞರ ಕೈಯಲ್ಲಿ. ಪೇಸ್‌ಮೇಕರ್ ಇರುವವರು, ಗರ್ಭಿಣಿಯರು, ಆಗಲೇ ಕಾಲಿನಲ್ಲಿ ಹೆಪ್ಪುಗಟ್ಟಿರುವವರು ಇದರ ತಂಟೆಗೆ ಹೋಗಬಾರದು. ಅಂಗಡಿಯಿಂದ ಯಂತ್ರ ತಂದು ಮನೆಯಲ್ಲೇ ಪ್ರಯೋಗ ಮಾಡುವುದಂತೂ ಬೇಡವೇ ಬೇಡ.

ಖರ್ಚಿಲ್ಲದ ಉಪಾಯ ನಡಿಗೆ. ವೈದ್ಯರು ಅನುಮತಿ ಕೊಟ್ಟ ದಿನದಿಂದಲೇ ಒಬ್ಬರ ಆಸರೆಯಲ್ಲಿ ಜಗಲಿಯವರೆಗಾದರೂ ನಡೆಸಿ. ಮಲಗಿದ್ದಾಗ ಪಾದವನ್ನು ಮೇಲೆ ಕೆಳಗೆ ಆಡಿಸುತ್ತಿರಲಿ. ಬೆಂಗಳೂರಿನಿಂದ ಬರುವಾಗ ಯಡಿಯೂರಿನಲ್ಲೋ ಚನ್ನರಾಯಪಟ್ಟಣದಲ್ಲೋ ಇಳಿಸಿ ನಾಲ್ಕು ಹೆಜ್ಜೆ ಹಾಕಿಸಿ. 'ಪಾಪ, ನೋವು, ಮಲಗಲಿ' ಎನ್ನುವ ಅಕ್ಕರೆ ಇಲ್ಲಿ ಕೆಲಸಕ್ಕೆ ಬಾರದು.

ಒಂದೇ ಕಾಲು ಊದಿಕೊಂಡರೆ, ಮೀನಖಂಡ ನೋಯುತ್ತಿದ್ದರೆ, ಮುಟ್ಟಿದಾಗ ಬಿಸಿಯಾಗಿದ್ದರೆ ಎಣ್ಣೆ ಹಚ್ಚಿ ನೀವಬೇಡಿ. ನೀವಿದರೆ ಹೆಪ್ಪು ಕಳಚಿಕೊಳ್ಳಬಹುದು. ಅದೇ ದಿನ ಹಾಸನದ ಆಸ್ಪತ್ರೆಗೆ ಕರೆತನ್ನಿ, ಕಾಲಿನ ಡಾಪ್ಲರ್ ಸ್ಕ್ಯಾನಿಂಗ್‌ನಿಂದ ವಿಷಯ ತಿಳಿಯುತ್ತದೆ. ಇದ್ದಕ್ಕಿದ್ದಂತೆ ಉಸಿರು ಕಟ್ಟಿದರೆ, ಎದೆ ಚುಚ್ಚಿದರೆ, ಕೆಮ್ಮಿನಲ್ಲಿ ರಕ್ತ ಬಂದರೆ ಬೆಳಗಾಗಲೆಂದು ಕಾಯದೆ 108ಕ್ಕೆ ಫೋನ್ ಮಾಡಿ. ಶಸ್ತ್ರಚಿಕಿತ್ಸೆಯ ಕಾಗದಗಳನ್ನು ಮರೆಯದೆ ಜೊತೆಗೆ ಒಯ್ಯಿರಿ.