ಗುಡುಗುಡಿಯ ಹೊಗೆ, ಡ್ರ್ಯಾಗನ್ನಿನ ಹೆಸರು: ಹಾಡಿನ ಒಳ ಅರ್ಥವನ್ನು ಒರೆಗೆ ಹಚ್ಚುವುದು ಹೇಗೆ?

ನನ್ನ ಧ್ವನಿ ಕೇಳಿಸ್ತಾ ಇದೆ ಅಂದುಕೊಂಡಿದ್ದೀನಿ. ನಮ್ಮೂರು ಅಕ್ಕಲಕೋಟೆ ತಾಲೂಕಿನಲ್ಲಿದೆ. ನೆಟ್‌ವರ್ಕ್ ನಡುನಡುವೆ ಕೈಕೊಡುತ್ತದೆ. ಹಾಗೇನಾದರೂ ಆದರೆ ಚಾಟ್‌ನಲ್ಲಿ ತಿಳಿಸಿ, ಬಿಟ್ಟಲ್ಲಿಂದ ಮುಂದುವರಿಸುತ್ತೇನೆ. ಅಧ್ಯಕ್ಷತೆ ವಹಿಸಿರುವ ಗುರುಗಳಿಗೂ, ಕಾಸರಗೋಡು, ಹೊಸೂರು, ಆದೋನಿ ಕಡೆಯಿಂದ ಸೇರಿಕೊಂಡಿರುವ ಗೆಳೆಯರಿಗೂ ವಂದನೆಗಳು.

ಜನಪ್ರಿಯ ಹಾಡೊಂದರ ಒಳ ಅರ್ಥದ ಬಗ್ಗೆ ಜಗಳ ಬಂದಾಗ ಅದನ್ನು ತೀರ್ಮಾನಿಸುವುದು ಹೇಗೆ ಎಂಬುದು ಈ ಹೊತ್ತಿನ ನನ್ನ ವಿಷಯ. ಪ್ರಶ್ನೆ ಹುಟ್ಟಿದ್ದು ಪುಸ್ತಕದಿಂದಲ್ಲ, ಸೋಲಾಪುರದ ಹಾಸ್ಟೆಲ್ ಕೋಣೆಯಿಂದ. ಹಾಗಾಗಿ ಅಲ್ಲಿಂದಲೇ ಶುರು ಮಾಡ್ತೀನಿ.

1. ಪ್ರಶ್ನೆ ಹುಟ್ಟಿದ ಬಗೆ

ನನ್ನ ಜೊತೆ ಇದ್ದವನು ಮರಾಠಿ ಮಾತಾಡುವ ಹುಡುಗ. ಒಂದು ರಾತ್ರಿ ಅವನು ರಘು ದೀಕ್ಷಿತ್ ತಂಡದ ಹಾಡು ಹಾಕಿದ್ದ. 2008ರಲ್ಲಿ ಬಂದ ಅವರ ಮೊದಲ ಆಲ್ಬಮ್‌ನಲ್ಲಿರುವ ‘ಗುಡುಗುಡಿಯಾ ಸೇದಿ ನೋಡೋ’. ಗಿಟಾರು, ಡ್ರಮ್ಸು, ಕುಣಿಯುವಂಥ ಲಯ. ಅವನಿಗೆ ಕನ್ನಡ ಬರುವುದಿಲ್ಲ, ಆದರೆ ‘ಗುಡುಗುಡಿ’ ಅಂದರೆ ಹುಕ್ಕಾ ಎಂಬುದು ತಿಳಿಯಿತು, ಯಾಕಂದ್ರೆ ಮರಾಠಿಯಲ್ಲೂ ಅದಕ್ಕೆ ಗುಡಗುಡಿ ಅಂತಲೇ ಹೇಳ್ತಾರೆ. “ನಿಮ್ಮವರು ಗಾಂಜಾ ಹಾಡನ್ನ ಇಷ್ಟು ಭಕ್ತಿಯಿಂದ ಹಾಡ್ತಾರಲ್ಲೋ” ಎಂದು ನಕ್ಕ. “ಅದು ಶರೀಫರ ತತ್ವಪದ, ಅದರೊಳಗೆ ಬೇರೆ ಅರ್ಥ ಇದೆ” ಎಂದೆ. “ಎಲ್ಲ ಗಾಂಜಾ ಹಾಡಿನವರೂ ಹಾಗೇ ಹೇಳ್ತಾರೆ. ಆ ಬೇರೆ ಅರ್ಥ ಯಾವುದು?” ಎಂದು ಕೇಳಿದ.

ನಾನು ಸುಮ್ಮನಾದೆ. ಕನ್ನಡ ಎಂ.ಎ. ಓದುವವನು, ಭಜನಿ ಮೇಳದ ಮನೆಯಲ್ಲಿ ಬೆಳೆದವನು, ಉತ್ತರ ಬಾಯಿಗೆ ಬರಲಿಲ್ಲ. ನನ್ನ ಕೈಯಲ್ಲಿ ಒಳ ಅರ್ಥ ಇರಲಿಲ್ಲ. ಒಳ ಅರ್ಥ ಇದೆ ಎಂಬ ಸುದ್ದಿ ಮಾತ್ರ ಇತ್ತು.

2. ಇನ್ನೊಂದು ಹೊಗೆಯ ಕಥೆ

ಆಮೇಲೆ ಹುಡುಕುತ್ತಾ ಹೋದಾಗ ಅಮೆರಿಕದ ಒಂದು ಹಾಡಿನ ಜಗಳ ಸಿಕ್ಕಿತು. ‘ಪಫ್, ದ ಮ್ಯಾಜಿಕ್ ಡ್ರ್ಯಾಗನ್’ ಎಂಬ ಹಾಡು. ಪೀಟರ್, ಪಾಲ್ ಆ್ಯಂಡ್ ಮೇರಿ ಎಂಬ ಮೂವರ ತಂಡ ಹಾಡಿ 1963ರಲ್ಲಿ ದೊಡ್ಡ ಹೆಸರು ಮಾಡಿತು. ಇದಕ್ಕೆ ಮೂಲವಾದ ಕವಿತೆಯನ್ನು 1959ರಲ್ಲಿ ಲಿಯೊನಾರ್ಡ್ ಲಿಪ್ಟನ್ ಎಂಬ ಕಾರ್ನೆಲ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ಬರೆದಿದ್ದ. ಪೀಟರ್ ಯಾರೋ ಅದನ್ನು ಹಾಡಾಗಿ ಬೆಳೆಸಿದರು. ಕಥೆ ಸರಳ: ಸಮುದ್ರದ ದಂಡೆಯ ಡ್ರ್ಯಾಗನ್ನಿಗೂ ಒಬ್ಬ ಪುಟ್ಟ ಹುಡುಗನಿಗೂ ಗೆಳೆತನ. ಹುಡುಗ ದೊಡ್ಡವನಾಗಿ ಬರುವುದನ್ನು ನಿಲ್ಲಿಸುತ್ತಾನೆ, ಡ್ರ್ಯಾಗನ್ ದುಃಖದಿಂದ ಗವಿ ಸೇರುತ್ತದೆ.

1964ರ ಹೊತ್ತಿಗೆ ನ್ಯೂಸ್‌ವೀಕ್ ಪತ್ರಿಕೆಯಲ್ಲಿ ಬಂದ ಲೇಖನವೊಂದು ಈ ಹಾಡಿನಲ್ಲಿ ಗಾಂಜಾ ಅಡಗಿದೆ ಎಂಬ ಮಾತಿಗೆ ರೆಕ್ಕೆ ಕಟ್ಟಿತು. ‘ಪಫ್’ ಅಂದರೆ ದಮ್ಮು ಎಳೆಯುವುದು, ಹುಡುಗನ ಹೆಸರಿನಲ್ಲಿರುವ ‘ಪೇಪರ್’ ಅಂದರೆ ಗಾಂಜಾ ಸುತ್ತುವ ಕಾಗದ, ‘ಡ್ರ್ಯಾಗನ್’ ಎಂಬುದರಲ್ಲಿ ‘ಡ್ರ್ಯಾಗ್’ ಇದೆ, ಅದೂ ದಮ್ಮೇ! ಬರೆದವರಿಬ್ಬರೂ ಜೀವಮಾನವಿಡೀ ಇದನ್ನು ಅಲ್ಲಗಳೆದರು, ಇದು ಬಾಲ್ಯ ಕಳೆದುಹೋಗುವ ಹಾಡು ಎಂದರು. ಹೀಗೆ ಹುಡುಕಿದರೆ ಅಮೆರಿಕದ ರಾಷ್ಟ್ರಗೀತೆಯಲ್ಲೂ ಗಾಂಜಾ ಸಿಗುತ್ತದೆ ಎಂದು ತಂಡದವರು ವೇದಿಕೆ ಮೇಲೆ ತಮಾಷೆ ಮಾಡಿ ತೋರಿಸಿದ್ದೂ ಉಂಟು. ಜನ ನಂಬಲಿಲ್ಲ. ಇವತ್ತಿಗೂ ಆ ಮಾತು ನಡೆದೇ ಇದೆ.

ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಅಲ್ಲಿ ಹೊರಗೆ ಮಗುವಿನ ಕಥೆ, ಒಳಗೆ ಗಾಂಜಾ ಇದೆ ಎಂಬ ಅನುಮಾನ. ಇಲ್ಲಿ ಹೊರಗೇ ಗುಡುಗುಡಿ, ಚಿಲುಮೆ, ಭಂಗಿ ಎಲ್ಲ ಇವೆ, ಒಳಗೆ ಸಾಧನೆ ಇದೆ ಎಂಬ ನಂಬಿಕೆ. ಒಂದನ್ನು ‘ಅತಿಯಾದ ಓದು’ ಎಂದು ತಳ್ಳಿಹಾಕಿ, ಇನ್ನೊಂದನ್ನು ‘ತತ್ವ’ ಎಂದು ಒಪ್ಪಿಕೊಳ್ಳಲು ನಮಗೆ ಏನು ಆಧಾರ? ನಮ್ಮದು ಅನ್ನುವ ಅಭಿಮಾನ ಮಾತ್ರವೇ? ಹಾಗಿದ್ದರೆ ನನ್ನ ಗೆಳೆಯ ನಕ್ಕಿದ್ದು ಸರಿ.

3. ಹಾಡೇ ಕೊಡುವ ಕೀಲಿ

ನಮ್ಮ ಕಾವ್ಯಮೀಮಾಂಸೆಯಲ್ಲಿ ‘ಮುಖ್ಯಾರ್ಥಬಾಧೆ’ ಎಂಬ ಮಾತಿದೆ. ನೇರ ಅರ್ಥಕ್ಕೆ ಅಡ್ಡಿ ಬಂದಾಗ ಮಾತ್ರ ಲಕ್ಷಣಾರ್ಥಕ್ಕೆ ಹೋಗಬೇಕು. ಗಂಗೆಯ ಮೇಲೆ ಹಳ್ಳಿ ಇದೆ ಅಂದರೆ ನೀರ ಮೇಲೆ ಮನೆ ಕಟ್ಟಲಾಗದು, ಆದ್ದರಿಂದ ದಡ ಎಂದು ತಿಳಿಯಬೇಕು. ಎಲ್ಲ ಒಳ ಅರ್ಥಕ್ಕೂ ಇಂಥ ಅಡ್ಡಿ ಬೇಕೇ ಬೇಕು ಅಂತಲ್ಲ. ನೇರ ಅರ್ಥ ಹಾಗೇ ಉಳಿದು ಅದರ ಮೇಲೆ ಇನ್ನೊಂದು ಧ್ವನಿಸುವುದನ್ನು ಆನಂದವರ್ಧನ ವಿವರಿಸಿದ್ದಾನೆ. ಆದರೆ ಎರಡೂ ಕಡೆ ಒಂದು ಶಿಸ್ತು ಇದೆ: ಒಳ ಅರ್ಥ ಇಡೀ ಪದ್ಯದಿಂದ ಹುಟ್ಟಬೇಕು, ಬಿಡಿ ಶಬ್ದಗಳಿಂದಲ್ಲ.

ಈ ಒರೆಗೆ ಡ್ರ್ಯಾಗನ್ನನ್ನು ಹಚ್ಚಿ. ಕಥೆಗೆ ಎಲ್ಲೂ ಅಡ್ಡಿ ಇಲ್ಲ, ಮಕ್ಕಳ ಕಥೆಯಲ್ಲಿ ಡ್ರ್ಯಾಗನ್ ಇರುವುದು ಸಹಜ. ಬಾಲ್ಯದ ಅಗಲಿಕೆ ಎಂಬ ಧ್ವನಿ ಆ ಕಥೆಯ ಕೊನೆಯಿಂದ ತಾನಾಗಿ ಏಳುತ್ತದೆ. ಗಾಂಜಾ ಅರ್ಥವಾದರೋ ಮೂರು ನಾಲ್ಕು ಶಬ್ದಗಳನ್ನು ಹಿಡಿದುಕೊಂಡು ನಿಂತಿದೆ. ಹಾಡಿನಲ್ಲಿ ಬರುವ ರಾಜರು, ಕಡಲುಗಳ್ಳರ ಹಡಗುಗಳು ಯಾಕೆ ಬಂದವು ಎಂದರೆ ಅದರ ಬಳಿ ಉತ್ತರವಿಲ್ಲ.

ಈಗ ಗುಡುಗುಡಿ. ಶಿಶುನಾಳ ಶರೀಫರು (1819–1889) ಇಲ್ಲಿ ಒಗಟನ್ನೇ ಹಾಕಿಲ್ಲ. ಮೊದಲಿಗೇ ಇದನ್ನು ಸೇದಿದರೆ ಒಡಲಿನ ರೋಗ ಹೋಗುತ್ತದೆ ಅನ್ನುತ್ತಾರೆ. ತಂಬಾಕಿಗೆ ಅದು ಸಾಧ್ಯವಿಲ್ಲ, ಅಂದರೆ ಮೊದಲ ಹೆಜ್ಜೆಯಲ್ಲೇ ಅಡ್ಡಿ. ಮುಂದೆ ‘ಎಂಬ’ ಎನ್ನುವ ಸಣ್ಣ ಪದವನ್ನು ಮತ್ತೆ ಮತ್ತೆ ಬಳಸಿ ಮನಸ್ಸನ್ನು ಸಂಚಿಗೆ, ಬುದ್ಧಿಯನ್ನು ಬೆಂಕಿಗೆ, ಶರೀರವನ್ನು ಬುರುಡೆಗೆ ಜೋಡಿಸುತ್ತಾರೆ. ಇದು ಸರಳವಾದ ರೂಪಕ. ಕೀಲಿಯನ್ನು ಬಾಗಿಲಿಗೇ ನೇತುಹಾಕಿದ ಹಾಗೆ. ಕನ್ನಡ ಬಲ್ಲವನಿಗೆ ಇಲ್ಲಿ ಅಡಗಿಸಿಟ್ಟದ್ದು ಏನೂ ಇಲ್ಲ. ‘ಎಂಬ’ ಕೇಳಿಸದವನಿಗೆ ಮಾತ್ರ ಇದು ಗಾಂಜಾ ಹಾಡು. ಗಿಟಾರಿನ ಅಬ್ಬರದಲ್ಲಿ ನನಗೂ ಅದು ಕೇಳಿಸಿರಲಿಲ್ಲ.

4. ಮುತ್ಯಾ ಹೇಳಿದ್ದು

ಇಷ್ಟನ್ನು ಬರೆದುಕೊಂಡು ರಜೆಗೆ ಊರಿಗೆ ಹೋದೆ. ನಮ್ಮ ಮುತ್ಯಾ ಭಜನಿ ಮೇಳದಲ್ಲಿ ಪೇಟಿ ಬಾರಿಸುತ್ತಿದ್ದವರು. ಅವರಿಗೆ ಓದಿ ಹೇಳಿದೆ. “ಮುತ್ಯಾ, ಈ ಹಾಡಿಗೂ ಸೇದೂದಕ್ಕೂ ಏನೂ ಸಂಬಂಧ ಇಲ್ಲ, ಹೌದಿಲ್ಲೊ?” ಎಂದು ಕೇಳಿದೆ. ಅವರು ಜೋರಾಗಿ ನಕ್ಕರು.

“ತಮ್ಮಾ, ಸಂಬಂಧ ಇಲ್ದ ಹ್ಯಾಂಗ? ಚಿಲಿಮಿ ಸೇದಿದವ್ಗೇ ಅದರ ಅರ್ಥ ಲಗೂನ ತಿಳೀತಿತ್ತು. ಬೆಂಕಿ ಆರಿತಂದ್ರ ಎಷ್ಟ್ ಜಗ್ಗಿದ್ರೂ ಬರೇ ಗಾಳಿ ಬರ್ತದ. ಬುದ್ಧಿ ಆರಿದ್ರ ಜಪಾ ಮಾಡಿದ್ರೂ ಅಷ್ಟ. ಅದಕ್ಕಾ ಬುದ್ಧಿಗೆ ಬೆಂಕಿ ಅಂದಾನ. ನೀ ಚಿಲಿಮೀನ ಕಂಡಿಲ್ಲ, ನಿಂಗ ಪುಸ್ತಕಾ ಬೇಕು.”

ನನ್ನ ವಾದದ ಅರ್ಧ ಅಲ್ಲಿಗೆ ಬಿತ್ತು. ಹೊರಗಿನ ಅರ್ಥವನ್ನು ಸಿಪ್ಪೆಯ ಹಾಗೆ ಎಸೆದು ಒಳಗಿನದನ್ನು ತಿನ್ನಬೇಕು ಎಂದುಕೊಂಡಿದ್ದೆ. ತತ್ವಪದದಲ್ಲಿ ಹೊರಗಿನದು ಗಟ್ಟಿ ಇದ್ದರೇನೇ ಒಳಗಿನದು ನಿಲ್ಲುತ್ತದೆ. ಗುಡುಗುಡಿಯ ಕೊಳವಿ, ಬುರುಡೆ, ನೀರಿನ ಗುಡುಗುಡು ಸದ್ದು ಇವನ್ನು ಕಂಡವನಿಗೆ ಉಸಿರು ಮೈಯೊಳಗೆ ಓಡಾಡುವ ಮಾತು ತಟ್ಟನೆ ಹೊಳೆಯುತ್ತದೆ.

ಮುತ್ಯಾ ಇನ್ನೊಂದು ಹೇಳಿದರು. ಅವರ ಕಾಲದಲ್ಲಿ ಪದ ಮುಗಿದ ಮೇಲೆ ತಾಳ ಕೆಳಗಿಟ್ಟು ‘ಅರ್ಥ ಬಿಡಿಸೂದು’ ಇರುತ್ತಿತ್ತು. ಒಬ್ಬ ಹೇಳಿದ್ದನ್ನು ಇನ್ನೊಬ್ಬ ಒಪ್ಪುತ್ತಿರಲಿಲ್ಲ, ಬೆಳಗಾಗುವ ತನಕ ವಾದ. ನಮ್ಮ ಭಾಗದ ಹರದೇಶಿ-ನಾಗೇಶಿ ಹಾಡಿಕೆಯಲ್ಲಂತೂ ಸವಾಲು ಹಾಕುವುದು, ಜವಾಬು ಕೊಡುವುದೇ ಆಟ. ಬೆಡಗಿನ ವಚನಗಳಿಗೆ ಟೀಕೆ ಬರೆದ ಹಿಂದಿನವರು ಮಾಡಿದ್ದೂ ಇದೇ ಕೆಲಸ. ಅಂದರೆ ಅರ್ಥದ ಜಗಳ ಹಾಡಿಗೆ ಹೊರಗಿನಿಂದ ಅಂಟಿಕೊಂಡ ಕಾಯಿಲೆಯಲ್ಲ, ಅದು ಹಾಡಿಕೆಯ ಭಾಗವೇ ಆಗಿತ್ತು.

5. ಕೋಡಗ ಮತ್ತು ಕೊಡಗು

ಇನ್ನೊಂದು ಹಾಡಿಗೆ ಬರೋಣ. ಸಿ. ಅಶ್ವತ್ಥ್ ಅವರ ದನಿಯಿಂದ ಮನೆಮನೆಗೆ ಹೋದ ಶರೀಫರ ‘ಕೋಡಗನ ಕೋಳಿ ನುಂಗಿತ್ತ’. ಇದು ನಿಜವಾದ ಬೆಡಗು. ಇಲ್ಲಿ ‘ಎಂಬ’ ಇಲ್ಲ, ಕೀಲಿ ಸಿಗುವುದು ಕೊನೆಗೆ, ಗುರು ಗೋವಿಂದನ ಪಾದ ಹಾಡುವವನನ್ನೇ ನುಂಗುವಲ್ಲಿ.

ಈ ಹಾಡಿನ ನುಂಗಾಟಗಳಲ್ಲಿ ಎರಡು ಬಗೆ ಇವೆ ಎಂಬುದು ನನ್ನ ಗಮನಕ್ಕೆ ಬಂತು. ಕೋಳಿ ಕೋಡಗನನ್ನು, ಆಡು ಆನೆಯನ್ನು ನುಂಗುವುದು ಅಸಾಧ್ಯ. ಆದರೆ ಗೋಡೆ ಸುಣ್ಣವನ್ನು ಹೀರುವುದು ದಿನಾ ಕಾಣುವ ಸತ್ಯ. ನೇಕಾರನನ್ನು ಕುಣಿ ನುಂಗುವುದೂ ಅಷ್ಟೇ. ಕುಣಿಮಗ್ಗ ಕಂಡವರಿಗೆ ಗೊತ್ತು, ನೇಯುವವನು ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು ಕೂರುತ್ತಾನೆ, ಹೊರಗೆ ಕಾಣುವುದು ಸೊಂಟದ ಮೇಲಿನ ಭಾಗ ಮಾತ್ರ. ಕಣ್ಣಿಗೆ ಕಾಣುವ ನುಂಗಾಟವನ್ನೂ ಕಾಣದ ನುಂಗಾಟವನ್ನೂ ಕಲಸಿ, ಕೊನೆಗೆ ಗುರುಪಾದದ ನುಂಗಾಟವನ್ನು ನಂಬುವಂತೆ ಮಾಡುವುದು ಹಾಡಿನ ನಡೆ ಎಂದು ನನ್ನ ಓದು. ಕುಣಿ ಅಂದರೆ ಏನೆಂದು ತಿಳಿಯದವನಿಗೆ ಎಲ್ಲವೂ ಒಂದೇ ಬಗೆಯ ವಿಚಿತ್ರವಾಗಿ ಕಾಣುತ್ತದೆ.

ನನ್ನ ತಮ್ಮ ಮರಾಠಿ ಮಾಧ್ಯಮದಲ್ಲಿ ಓದುತ್ತಾನೆ. ಮನೆಯಲ್ಲಿ ಕನ್ನಡ ಮಾತಾಡುತ್ತಾನೆ, ಕನ್ನಡ ಅಕ್ಷರ ಬರುವುದಿಲ್ಲ. ಶಾಲೆಯ ಕಾರ್ಯಕ್ರಮಕ್ಕೆಂದು ಈ ಹಾಡನ್ನು ಯೂಟ್ಯೂಬ್‌ನಲ್ಲಿ ಕೇಳಿ ವಹಿಯಲ್ಲಿ ದೇವನಾಗರಿಯಲ್ಲಿ ಬರೆದುಕೊಂಡಿದ್ದ. ಮರಾಠಿ ಬರವಣಿಗೆಯಲ್ಲಿ ಒ-ಓ ಎಂಬ ಭೇದವಿಲ್ಲ. ಕೋಡಗ, ಕೊಡಗು ಎರಡೂ ಒಂದೇ ತರಹ ಶುರುವಾಗುತ್ತವೆ. ಹಾಡಿನ ಅರ್ಥ ಏನೋ ಎಂದು ಕೇಳಿದೆ. “ಕೊಡಗಿನ ಕೋಳಿ ಏನೋ ನುಂಗೇದ ಅಣ್ಣಾ” ಎಂದ. ಮಂಗ ಎಲ್ಲಿ ಹೋಯಿತು? ನಮ್ಮ ಮನೆಮಾತಿನಲ್ಲಿ ಅದು ‘ಮಂಗ್ಯಾ’, ಶಾಲೆಯಲ್ಲಿ ‘ಮಾಕಡ’. ‘ಕೋಡಗ’ ಅನ್ನುವ ಪದ ಅವನ ಕಿವಿಗೆ ಬಿದ್ದೇ ಇರಲಿಲ್ಲ. ಒಂದು ದೀರ್ಘ ಬಿದ್ದುಹೋದದ್ದಕ್ಕೆ ಬೆಡಗು ಹೋಗಿ ಕೋಳಿ ಉಳಿಯಿತು.

ಒಳ ಅರ್ಥ ಕಳೆಯುತ್ತಿದೆ ಎಂದು ನಾವು ಚಿಂತೆ ಮಾಡುತ್ತೇವೆ. ಗಡಿಯಲ್ಲಿ ಮೊದಲು ಕಳೆಯುತ್ತಿರುವುದು ಹೊರಗಿನ ಅರ್ಥ. ಕುಣಿ, ಲಾಳಿ, ಒನಕೆ, ಸಂಚಿ, ಕೋಡಗ ಇವು ಹೋದ ಮೇಲೆ ಹಾಡು ಉಳಿದರೂ ಬರೀ ರಾಗವಾಗಿ ಉಳಿಯುತ್ತದೆ. ಆಮೇಲೆ ಯಾರು ಏನು ಅರ್ಥ ತುಂಬಿದರೂ ಅಲ್ಲ ಎನ್ನಲು ಆಧಾರ ಇರುವುದಿಲ್ಲ.

6. ಗೆಳೆಯನ ಉತ್ತರ

ಹಾಸ್ಟೆಲಿಗೆ ವಾಪಸ್ ಬಂದು ಗೆಳೆಯನಿಗೆ ‘ಎಂಬ’ ವಿಷಯ ಹೇಳಿದೆ. ಸಂಚಿ ಮನಸ್ಸು, ಬೆಂಕಿ ಬುದ್ಧಿ, ಬುರುಡೆ ಶರೀರ. ಅವನು ಮಧ್ಯದಲ್ಲೇ ತಡೆದು, “ಅಷ್ಟೇನಾ? ಇದು ಭಾರೂಡ ಅಲ್ವಾ?” ಎಂದ. ಹೌದು. 16ನೆಯ ಶತಮಾನದ ಸಂತ ಏಕನಾಥರ ಭಾರೂಡದಲ್ಲಿ ಚೇಳು ಕಚ್ಚುತ್ತದೆ, ಜನ ನಗುತ್ತಾರೆ, ಆಮೇಲೆ ಆ ಚೇಳು ಕಾಮಕ್ರೋಧ ಎಂದು ತಿಳಿಯುತ್ತದೆ. ಮುಕ್ತಾಬಾಯಿಯ ಅಭಂಗವೊಂದರಲ್ಲಿ ಇರುವೆ ಸೂರ್ಯನನ್ನೇ ನುಂಗುತ್ತದೆ. ನಾನು ಕನ್ನಡದ ಗುಟ್ಟು ಎಂದು ಕಾಯುತ್ತಿದ್ದ ಬೀಗಕ್ಕೆ ಅವನ ಅಜ್ಜಿ ಮನೆಯಲ್ಲೂ ಕೀಲಿ ಇತ್ತು. ಅವನಿಗೆ ಬೇಕಿದ್ದದ್ದು ಮೂರು ಶಬ್ದಗಳ ಅರ್ಥ ಮಾತ್ರ. ನಾನು ಅಂದು ಅವನ್ನು ಹೇಳಿದ್ದರೆ ಸಾಕಿತ್ತು.

ಚರ್ಚೆಯಿಂದ

ಚಾಟ್‌ನಲ್ಲಿ ಒಬ್ಬರು ಕೇಳಿದ್ದಾರೆ: ‘ಹಾಗಾದರೆ ಕೇಳುಗ ತನ್ನ ಅರ್ಥ ಮಾಡಿಕೊಳ್ಳಬಾರದೇ? ಕವಿ ಹೇಳಿದ್ದೇ ಕೊನೆಯೇ?’

ಒಳ್ಳೆಯ ಪ್ರಶ್ನೆ. ಕವಿಯ ಮಾತೇ ಕೊನೆ ಎಂದು ನಾನು ಹೇಳಲಿಲ್ಲ. ಲಿಪ್ಟನ್ ಅಲ್ಲಗಳೆದದ್ದರಿಂದ ಗಾಂಜಾ ಅರ್ಥ ಬೀಳುವುದಿಲ್ಲ, ಅದು ಹಾಡಿನ ಕೊನೆಯವರೆಗೆ ನಡೆಯಲಾರದ್ದರಿಂದ ಬೀಳುತ್ತದೆ. ಶರೀಫರೂ ಒಂದೊಂದು ಪದಕ್ಕೆ ಟೀಕೆ ಬರೆದು ಹೋದವರಲ್ಲ. ಕೇಳುಗ ಹೊಸ ಅರ್ಥ ತರಲಿ. ಆದರೆ ಅದನ್ನು ಮೇಳದ ನಡುವೆ ಇಟ್ಟು, “ಈ ನುಡಿಗೆ ಹ್ಯಾಂಗ ಹೊಂದಸ್ತೀ?” ಎಂಬ ಪ್ರಶ್ನೆಗೆ ಜವಾಬು ಕೊಡಬೇಕು. ಒಬ್ಬನೇ ಕೂತು ಗುಟ್ಟು ಕಂಡುಹಿಡಿದೆ ಅನ್ನುವುದಕ್ಕೂ ನಾಲ್ಕು ಜನರ ಎದುರು ಅರ್ಥ ಬಿಡಿಸುವುದಕ್ಕೂ ಇರುವ ವ್ಯತ್ಯಾಸ ಇಷ್ಟೇ.

ಇನ್ನೊಬ್ಬರು, ಜತ್ತದ ಕಡೆಯವರು, ‘ನಮ್ಮಲ್ಲಿ ಇನ್ನೂ ಭಜನಿ ಇದೆ, ಏನು ಮಾಡಬಹುದು?’ ಎಂದಿದ್ದಾರೆ. ಹಾಡನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡುವುದು ಈಗ ಎಲ್ಲರೂ ಮಾಡ್ತಾರೆ. ಹಾಡು ಮುಗಿದ ಕೂಡಲೇ ಬಟನ್ ಒತ್ತಿ ನಿಲ್ಲಿಸಬೇಡಿ. ಆಮೇಲೆ ಹಿರಿಯರು ವಾದ ಮಾಡ್ತಾರಲ್ಲ, ಅದನ್ನೂ ಹಿಡಿಯಿರಿ. ಅವರು ಬಳಸುವ ಒಂದೊಂದು ವಸ್ತುವಿನ ಹೆಸರನ್ನು ಕೇಳಿ ಬರೆದುಕೊಳ್ಳಿ. ದೇವನಾಗರಿಯಲ್ಲಿ ಬರೆಯುವುದಾದರೂ ಚಿಂತೆಯಿಲ್ಲ, ಒ-ಓ, ಎ-ಏ ಬೇರೆ ಮಾಡಲು ಒಂದು ಗುರುತು ಹಾಕಿಕೊಳ್ಳಿ.

ನನ್ನ ತಮ್ಮ ಈಗ ತನ್ನ ವಹಿಯಲ್ಲಿ ‘ಕೋ’ ಮೇಲೆ ಒಂದು ಗೀಟು ಎಳೆದು, ಪಕ್ಕದಲ್ಲಿ ಮಂಗನ ಚಿತ್ರ ಬರೆದಿದ್ದಾನೆ. ನನ್ನ ಮಾತು ಇಲ್ಲಿಗೆ ಮುಗಿಸುತ್ತೇನೆ.